ಕಡಕ್ಕಾದರೂ ಹಗುರ: ಬೆಲ್ಜಿಯಂ ಏಲ್‌ಗಳ ನೂರು ವರ್ಷ

ನಮ್ಮಲ್ಲಿ ‘ಸ್ಟ್ರಾಂಗ್ ಬಿಯರ್’ ಅಂದರೆ ಬೇಗ ತಲೆಗೇರುವ ಬಿಯರ್. ಮದ್ಯಸಾರ ಶೇ. 8ರ ಒಳಗೆ, ಬಾಟಲಿ ಐಸಿನಷ್ಟು ತಣ್ಣಗೆ. ಇಷ್ಟಿದ್ದರೆ ರುಚಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಬೆಲ್ಜಿಯಂನ ಸ್ಟ್ರಾಂಗ್ ಏಲ್‌ಗಳಲ್ಲಿ ಮದ್ಯಸಾರ ಇದಕ್ಕೂ ಹೆಚ್ಚು. ಶೇ. 8.5, 9.5, ಕೆಲವದರಲ್ಲಿ 11ನ್ನೂ ದಾಟುತ್ತದೆ. ಆದರೆ ಅಲ್ಲಿಯ ಬಿಯರ್ ತಯಾರಕರು ತಮ್ಮ ಬಿಯರನ್ನು ಹೊಗಳುವಾಗ ಅದರ ಕಡಕ್‌ತನವನ್ನು ಹೇಳುವುದಿಲ್ಲ, ‘ಚೆನ್ನಾಗಿ ಜೀರ್ಣವಾಗುತ್ತದೆ’ ಎನ್ನುತ್ತಾರೆ. ಹೊಟ್ಟೆಗೆ ಭಾರವಾಗಬಾರದು, ನಾಲಿಗೆಗೆ ಅಂಟಬಾರದು, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಬೇಕೆನಿಸಬೇಕು. ಈ ಹಗುರತನ ಹೇಗೆ ಬಂತು, ಹೊರದೇಶದ ಕ್ರಾಫ್ಟ್ ಬ್ರೂವರಿಗಳಿಗೆ ಅದು ದಕ್ಕಲು ಯಾಕೆ ತಡವಾಯಿತು ಎಂಬುದೇ ಈ ಏಲ್‌ಗಳ ಚರಿತ್ರೆಯ ತಿರುಳು ಎಂದು ನನಗೆ ಅನಿಸುತ್ತದೆ.

ಲೇಬಲ್ ಮೇಲೆ ಸನ್ಯಾಸಿಯ ಚಿತ್ರ ಕಂಡವರು ಇವೆಲ್ಲ ಮಧ್ಯಯುಗದ ಬಿಯರ್‌ಗಳೆಂದು ನಂಬುತ್ತಾರೆ. ಹಾಗಲ್ಲ. ಫ್ರೆಂಚ್ ಕ್ರಾಂತಿಯ ಗಾಳಿಗೆ ಆ ಭಾಗದ ಮಠಗಳು ಬಹುಪಾಲು ಖಾಲಿಯಾಗಿದ್ದವು. ಟ್ರಾಪಿಸ್ಟ್ ಪಂಥದ ಸನ್ಯಾಸಿಗಳು ಮತ್ತೆ ನೆಲೆಯೂರಿ ವೆಸ್ಟ್‌ಮಾಲ್‌ನಲ್ಲಿ ಬಿಯರ್ ತಯಾರಿಸಲು ತೊಡಗಿದ್ದು 1836ರಲ್ಲಿ, ಷಿಮೇಯಲ್ಲಿ 1862ರಲ್ಲಿ. ನಾವು ಇಂದು ಕುಡಿಯುವ ರೂಪದ ಕಡಕ್ ಏಲ್‌ಗಳು ಇನ್ನೂ ಈಚಿನವು. ಅವು ಬೆಳೆಯಲು ಒಂದು ಪಾನನಿರೋಧದ ಕಾನೂನೇ ಅನುಕೂಲ ಮಾಡಿಕೊಟ್ಟಿತು.

1919ರಲ್ಲಿ ಸಮಾಜವಾದಿ ಸಚಿವ ಎಮಿಲ್ ವಾಂಡರ್‌ವೆಲ್ಡೆಯ ಹೆಸರಿನಲ್ಲಿ ಬಂದ ಕಾಯ್ದೆ ಕೆಫೆಗಳಲ್ಲಿ ಜಿನ್‌ನಂಥ ಬಟ್ಟಿ ಮದ್ಯದ ಮಾರಾಟವನ್ನು ನಿಷೇಧಿಸಿತು. ಅಂಗಡಿಯಲ್ಲಿ ಕೊಳ್ಳಬಹುದಿತ್ತು, ಆದರೆ ಒಂದು ಸಲಕ್ಕೆ ಕನಿಷ್ಠ 2 ಲೀಟರ್. ಅಷ್ಟು ಮದ್ಯದ ಬೆಲೆ ಕೂಲಿಕಾರನ ಕೈಗೆ ಎಟುಕಬಾರದು ಎಂಬುದೇ ಉದ್ದೇಶ. 1980ರ ದಶಕದವರೆಗೂ ಜಾರಿಯಲ್ಲಿದ್ದ ಈ ಕಾಯ್ದೆಯಿಂದ ಕೆಫೆಯ ಮೇಜಿನ ಮೇಲೆ ಒಂದು ಜಾಗ ತೆರವಾಯಿತು. ಗಂಟಲು ಬೆಚ್ಚಗಾಗಿಸುವ ಏನಾದರೂ ಬೇಕೆನ್ನುವವನಿಗೆ ಬ್ರೂವರಿಗಳು ಕಡಕ್ ಬಿಯರ್ ಕೊಟ್ಟವು. ಅದಕ್ಕೆ ಸ್ವಲ್ಪ ಮುಂಚೆ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಬ್ರೂವರಿಗಳ ತಾಮ್ರದ ಹಂಡೆಗಳನ್ನೇ ಹೊತ್ತೊಯ್ದಿತ್ತು. ಎಷ್ಟೋ ಮಂದಿ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

ಬ್ರೇಂಡೊಂಕ್ ಎಂಬ ಊರಿನ ಮೋರ್ಟ್‌ಗಾಟ್ ಬ್ರೂವರಿಯ ಆಲ್ಬರ್ಟ್ ಮೋರ್ಟ್‌ಗಾಟ್ ಯುದ್ಧ ಮುಗಿದ ಮೇಲೆ ಸ್ಕಾಟ್ಲೆಂಡಿಗೆ ಹೋಗಿ ಒಳ್ಳೆಯ ಯೀಸ್ಟ್ ಸಂಪಾದಿಸಿ ತಂದ. ಅದರಿಂದ ಮಾಡಿದ ‘ವಿಕ್ಟರಿ ಏಲ್’ ರುಚಿ ನೋಡಿದ ಊರಿನ ಚಮ್ಮಾರನೊಬ್ಬ ಇದು ಸಾಕ್ಷಾತ್ ಸೈತಾನ ಅಂದನಂತೆ. ಹಾಗೆ ‘ಡುವೆಲ್’ ಎಂಬ ಹೆಸರು ಅಂಟಿಕೊಂಡಿತು. ಆಗ ಅದರ ಬಣ್ಣ ಕಡುಕಂದು. ಇಂದಿನ ಹೊಂಬಣ್ಣದ, ಶೇ. 8.5ರ ಡುವೆಲ್ ಬಂದದ್ದು 1970ರಲ್ಲಿ. ಅಷ್ಟರಲ್ಲಿ ಜನ ತಿಳಿಬಣ್ಣದ ಪಿಲ್ಸ್ನರ್‌ಗೆ ಒಗ್ಗಿಹೋಗಿದ್ದರು.

ಈ ಬದಲಾವಣೆಗಳ ಹಿಂದೆ ಇದ್ದವರು ಲ್ಯೂವೆನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ಡಿ ಕ್ಲರ್ಕ್. ಎರಡನೇ ಮಹಾಯುದ್ಧದ ನಂತರ ಷಿಮೇಯ ಬ್ರೂವರಿಯನ್ನು ಮತ್ತೆ ಎತ್ತಿ ನಿಲ್ಲಿಸಲು ಅವರು ಫಾದರ್ ಥಿಯೋಡೋರ್ ಜೊತೆ ಕೈಜೋಡಿಸಿದರು. ಅಲ್ಲಿ ಬೇರ್ಪಡಿಸಿದ ಯೀಸ್ಟ್ ಇಂದಿಗೂ ಷಿಮೇಯ ಜೀವ. ರೋಶ್‌ಫೋರ್ ಮಠಕ್ಕೂ ಡುವೆಲ್‌ಗೂ ಅವರ ಸಲಹೆ ಸಿಕ್ಕಿತು. ಅವರ ಸಮಾಧಿಯೂ ಷಿಮೇ ಬಿಯರ್ ಹುಟ್ಟುವ ಸ್ಕೂರ್ಮಾಂ ಮಠದ ಆವರಣದಲ್ಲೇ ಇದೆ. ಮಠದ ಗುಟ್ಟು ಎಂದು ಜನ ಕೊಂಡಾಡುವ ರುಚಿಯಲ್ಲಿ ಸೂಕ್ಷ್ಮದರ್ಶಕದ ಪಾಲು ಬಹಳ ದೊಡ್ಡದು. ಅದರಿಂದ ಮಠದ ಘನತೆ ಕುಗ್ಗುವುದಿಲ್ಲ. ಸನ್ಯಾಸಿಗಳು ಕಲಿಯಲು ಸಿದ್ಧರಿದ್ದರು ಎಂಬುದೇ ನನಗೆ ದೊಡ್ಡ ಸಂಗತಿ.

ವೆಸ್ಟ್‌ಮಾಲ್‌ನ ಟ್ರಿಪೆಲ್ 1934ರದ್ದು, 1956ರಲ್ಲಿ ಬ್ರದರ್ ಥಾಮಸ್ ಅದಕ್ಕೆ ಹಾಪ್ಸ್ ಹೆಚ್ಚಿಸಿ ಈಗಿನ ರೂಪ ಕೊಟ್ಟರು. ಹೊಂಬಣ್ಣ, ಶೇ. 9.5. ನನ್ನ ಮಟ್ಟಿಗೆ ಇಡೀ ಪರಂಪರೆಯ ಪಾಠಗಳೆಲ್ಲ ಈ ಒಂದು ಗ್ಲಾಸಿನಲ್ಲಿವೆ. ಮಾಲ್ಟಿನಿಂದ ಬರುವ ಸಕ್ಕರೆಯನ್ನೆಲ್ಲ ಯೀಸ್ಟ್ ತಿನ್ನಲಾರದು. ಉಳಿದದ್ದು ಬಿಯರಿಗೆ ಮೈ ಕೊಡುತ್ತದೆ. ಬರಿ ಮಾಲ್ಟಿನಿಂದಲೇ ಶೇ. 9ಕ್ಕೆ ಏರಿಸಹೊರಟರೆ ಬಿಯರ್ ಗಂಜಿಯ ಹಾಗೆ ಮಂದವಾಗುವ ಅಪಾಯವಿದೆ. ಮಾಲ್ಟಿನ ಒಂದು ಪಾಲನ್ನು ಬಿಟ್ಟು ಅದರ ಬದಲು ಸಕ್ಕರೆ ಹಾಕಿದರೆ ಯೀಸ್ಟ್ ಆ ಸಕ್ಕರೆಯನ್ನು ಚೂರೂ ಉಳಿಸದೆ ಮುಗಿಸುತ್ತದೆ. ಮದ್ಯಸಾರ ಏರುತ್ತದೆ, ಮೈ ತೆಳುವಾಗುತ್ತದೆ. ಸಕ್ಕರೆ ಹಾಕಿದ್ದರಿಂದಲೇ ಬಿಯರ್ ‘ಒಣ’ಗುತ್ತದೆ, ಅಂದರೆ ಬಾಯಲ್ಲಿ ಸಿಹಿ ಉಳಿಯದಂತಾಗುತ್ತದೆ ಎಂಬುದನ್ನು ಮೊದಲ ಸಲ ಕೇಳಿದಾಗ ನಾನು ನಂಬಿರಲಿಲ್ಲ.

ಈ ಸಕ್ಕರೆಗೆ ‘ಕ್ಯಾಂಡಿ’ ಎಂಬ ಹೆಸರಿದೆ, ಅಂದರೆ ನಮ್ಮ ಕಲ್ಲುಸಕ್ಕರೆ. ಆ ಹೆಸರನ್ನು ನಂಬಿ, ಮನೆಯಲ್ಲೇ ಬಿಯರ್ ಮಾಡುವ ಅಮೆರಿಕದ ಹವ್ಯಾಸಿಗಳು ಬಹುಕಾಲ ದುಬಾರಿ ಹರಳುಗಳನ್ನು ತಂದು ಹಂಡೆಗೆ ಸುರಿದರು. ಬೆಲ್ಜಿಯಂನವರು ಹಾಕುತ್ತಿದ್ದದ್ದು ಹೆಚ್ಚಾಗಿ ಸಾದಾ ಸಕ್ಕರೆ, ಇಲ್ಲವೇ ಪಾಕ. ಡುಬ್ಬೆಲ್‌ನಂಥ ಕಪ್ಪು ಏಲ್‌ಗಳಿಗೆ ಪಾಕವನ್ನು ಕಂದುಗಟ್ಟುವ ತನಕ ಕಾಯಿಸುತ್ತಾರೆ, ಒಣದ್ರಾಕ್ಷಿ ಖರ್ಜೂರದ ಕಂಪಿಗೆ ಅದೂ ಒಂದು ಮೂಲ.

ಉಳಿದ ಕೆಲಸ ಯೀಸ್ಟಿನದು. ಬೇಸಿಗೆಯಲ್ಲಿ ದೋಸೆಹಿಟ್ಟು ಬೇಗ ಉಬ್ಬಿ ಬೇರೆಯೇ ವಾಸನೆ ಬರುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಲಾಗರ್ ಬಿಯರ್ ತಣ್ಣಗೆ ಹುದುಗಿದರೆ ಈ ಏಲ್‌ಗಳು 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರುತ್ತ ಹುದುಗುತ್ತವೆ. ಆ ಬಿಸಿಗೆ ಯೀಸ್ಟ್ ಬಾಳೆಹಣ್ಣು, ಪೇರು, ಲವಂಗ, ಕಾಳುಮೆಣಸುಗಳ ಪರಿಮಳವನ್ನು ತಾನೇ ಹುಟ್ಟಿಸುತ್ತದೆ. ಹಂಡೆಯಲ್ಲಿ ಒಂದೂ ಲವಂಗ ಇರುವುದಿಲ್ಲ.

ಈ ಸಂಗತಿಗಳು ಹೊರಜಗತ್ತಿಗೆ ತಲುಪಿದ್ದು ಬಹುಮಟ್ಟಿಗೆ ಇಂಗ್ಲೆಂಡಿನ ಲೇಖಕ ಮೈಕೆಲ್ ಜಾಕ್ಸನ್ ಅವರಿಂದ. ಅವರ ‘ದ ವರ್ಲ್ಡ್ ಗೈಡ್ ಟು ಬಿಯರ್’ 1977ರಲ್ಲಿ ಬಂತು. ಬೆಲ್ಜಿಯಂನವರೇ ಹಳೆಯ ಸಾಮಾನಿನ ಹಾಗೆ ಕಾಣುತ್ತಿದ್ದ ಬಿಯರ್‌ಗಳಿಗೆ ಅವರು ಹೆಸರಿಟ್ಟು, ವರ್ಗೀಕರಿಸಿ, ಗೌರವ ತಂದರು. ಅಲ್ಲಿಯೇ ಹೊಸಬರೂ ಎದ್ದರು. 1980ರಲ್ಲಿ ಎಸೆನ್‌ನಲ್ಲಿ ಡಿ ಡೊಲ್ಲೆ ಬ್ರೌವರ್ಸ್, 1982ರಲ್ಲಿ ಆರ್ಡೆನ್ ಬೆಟ್ಟಸೀಮೆಯ ಅಶೂಫ್. ಭಾವ-ಮೈದುನರಿಬ್ಬರು ಕಟ್ಟಿದ ಅಶೂಫ್ ಮುಂದೆ 2006ರಲ್ಲಿ ಡುವೆಲ್ ಮೋರ್ಟ್‌ಗಾಟ್ ಪಾಲಾಯಿತು.

ಅಟ್ಲಾಂಟಿಕ್‌ನ ಆಚೆ 1990ರ ದಶಕ ಕಲಿಕೆಯ ಕಾಲ. ಕ್ವಿಬೆಕ್‌ನ ಯೂನಿಬ್ರೂ ‘ಲಾ ಫ಼ಿನ್ ದು ಮಾಂಡ್’ ಎಂಬ ಶೇ. 9ರ ಟ್ರಿಪೆಲ್ ತಂದಿತು. ಬೆಲ್ಜಿಯಂನಲ್ಲಿ ಸೈಕಲ್ ತುಳಿದು ಬಂದ ಜೆಫ್ ಲೆಬೆಶ್, ಕಿಮ್ ಜೋರ್ಡನ್ ಜೊತೆ 1991ರಲ್ಲಿ ಕೊಲರಾಡೋದಲ್ಲಿ ನ್ಯೂ ಬೆಲ್ಜಿಯಂ ಆರಂಭಿಸಿದರು. 1995ರಲ್ಲಿ ಮೇನ್ ರಾಜ್ಯದ ಅಲಗ್ಯಾಶ್, 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಓಮೆಗ್ಯಾಂಗ್. ಆ ದಿನಗಳ ಉತ್ಸಾಹ ದೊಡ್ಡದು, ತಪ್ಪುಗಳೂ ಅಷ್ಟೇ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದರೆ ಬೆಲ್ಜಿಯಂ ರುಚಿ ಬಂತು ಎಂದುಕೊಂಡವರು ಬಹಳ. ಸಕ್ಕರೆ ಅಂದರೆ ಅಗ್ಗದ ಕಲಬೆರಕೆ ಎಂಬ ಅನುಮಾನದಿಂದ ಬರಿ ಮಾಲ್ಟ್ ಸುರಿದು, ಅಂಟಂಟಾದ ‘ಟ್ರಿಪೆಲ್’ ಮಾಡಿದವರೂ ಇದ್ದರು. 2005ರಲ್ಲಿ ಸ್ಟಾನ್ ಹೈರೋನಿಮಸ್ ಬರೆದ ‘ಬ್ರೂ ಲೈಕ್ ಎ ಮಾಂಕ್’ ಈ ಭ್ರಮೆಗಳನ್ನು ಸಮಾಧಾನದಿಂದ ಬಿಡಿಸಿತು. ನಂತರದ ಅಮೆರಿಕನ್ ಏಲ್‌ಗಳಲ್ಲಿ ಮಸಾಲೆ ಹಿಂದೆ ಸರಿದು ಯೀಸ್ಟ್ ಮಾತಾಡತೊಡಗಿತು. ಅನುಕರಣೆಯನ್ನು ದಾಟಿದ ಪ್ರಯೋಗಗಳೂ ಬಂದವು. ಬೂರ್ಬನ್ ಪೀಪಾಯಿಯಲ್ಲಿ ಟ್ರಿಪೆಲ್ ಮಾಗಿಸಿದ ಅಲಗ್ಯಾಶ್‌ನ ‘ಕ್ಯೂರಿಯೊ’ ಅಂಥದ್ದು. ವೆನಿಲಾ, ತೆಂಗಿನಕಾಯಿಯ ಸುಳಿವು ಸೇರಿದರೂ ಒಳಗಿನ ಟ್ರಿಪೆಲ್ ಅಳಿಸುವುದಿಲ್ಲ.

ಇವನ್ನು ಸವಿಯುವ ಬಗೆಯನ್ನು ಹೇಳಲೇಬೇಕು, ಯಾಕೆಂದರೆ ಎಷ್ಟೋ ಒಳ್ಳೆಯ ಬಾಟಲಿಗಳು ಫ್ರಿಜ್ಜಿನ ಚಳಿಗೇ ಹಾಳಾಗುತ್ತವೆ. ಹೊಂಬಣ್ಣದವು 6ರಿಂದ 8 ಡಿಗ್ರಿಯಲ್ಲಿ ಚೆಂದ. ಕಪ್ಪು ಏಲ್‌ಗಳಿಗೆ 12ರ ಆಸುಪಾಸು ಬೇಕು, ಹೊರಗೆ ತೆಗೆದು ಅರ್ಧ ಗಂಟೆ ಬಿಡುವುದು ಲೇಸು. ಬಾಯಿ ಅಗಲವಾದ ಬಟ್ಟಲು ಇಲ್ಲವೇ ಟ್ಯುಲಿಪ್ ಆಕಾರದ ಗ್ಲಾಸ್ ಇರಲಿ. 330 ಮಿ.ಲೀ. ಡುವೆಲ್ ಸುರಿಯಲು ಅದಕ್ಕಿಂತ ಬಹಳ ದೊಡ್ಡ ಗ್ಲಾಸ್ ಯಾಕೆ ಬೇಕು ಎನ್ನುವುದಕ್ಕೆ ಎದ್ದುನಿಲ್ಲುವ ನೊರೆಯೇ ಉತ್ತರ. ಬಾಟಲಿಯನ್ನು ಬಾಗಿಸಿದ ಮೇಲೆ ಒಂದೇ ಧಾರೆಯಲ್ಲಿ ಸುರಿಯಿರಿ, ನಡುವೆ ನಿಲ್ಲಿಸಿದರೆ ತಳದ ಗಷ್ಟು ಕದಡುತ್ತದೆ. ಮೊದಲು ಮೂಸಿ. ಪೇರುಹಣ್ಣು ಬಂತೇ, ಲವಂಗ ಬಂತೇ? ಆಮೇಲೆ ಸಣ್ಣ ಗುಟುಕು. ಸಿಹಿ ಮುಂದೆ ಬಂದು, ನಡುವೆ ಬುರುಗು ನಾಲಿಗೆಯನ್ನು ಚುಚ್ಚಿ, ಕೊನೆಗೆ ಕಹಿ ಬಾಯನ್ನು ಒಣಗಿಸಿ ಹೋಗಬೇಕು. ಸಿಹಿಯೇ ಕೊನೆಯವರೆಗೂ ಕೂತಿದ್ದರೆ ಅದರಲ್ಲಿ ಎಲ್ಲೋ ಎಡವಟ್ಟಾಗಿದೆ. ಶೇ. 11.3ರ ರೋಶ್‌ಫೋರ್ 10ನ್ನು ಇಬ್ಬರು ಹಂಚಿಕೊಂಡು, ಗಟ್ಟಿ ಚೀಸ್ ಜೊತೆ ಒಂದು ಗಂಟೆ ಕೂರಬಹುದು. ಅಷ್ಟು ಹೊತ್ತಿನಲ್ಲಿ ಗ್ಲಾಸ್ ಬೆಚ್ಚಗಾದಂತೆ ಚಾಕೊಲೇಟ್, ಅಂಜೂರದ ವಾಸನೆ ಒಂದೊಂದಾಗಿ ಹೊರಬೀಳುತ್ತವೆ.

ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಮಠಗಳಲ್ಲಿ ಸನ್ಯಾಸಿಗಳು ಕಡಿಮೆಯಾಗುತ್ತಿದ್ದಾರೆ. ಅಖೆಲ್ ಮಠದಿಂದ ಕೊನೆಯ ಸನ್ಯಾಸಿಗಳು ಹೊರಟ ಮೇಲೆ ಅದರ ಬಿಯರಿಗೆ ಟ್ರಾಪಿಸ್ಟ್ ಮುದ್ರೆ ತಪ್ಪಿತು. ಅಮೆರಿಕದ ಮೊದಲ ಟ್ರಾಪಿಸ್ಟ್ ಬ್ರೂವರಿಯಾಗಿ ಮ್ಯಾಸಚೂಸೆಟ್ಸ್‌ನಲ್ಲಿ ತೆರೆದ ಸ್ಪೆನ್ಸರ್ 2022ರಲ್ಲಿ ಬಾಗಿಲು ಹಾಕಿತು. ಇತ್ತ ಬ್ರಸೆಲ್ಸ್‌ನ ಡಿ ಲಾ ಸೆನ್ನ್‌ನಂಥ ಹೊಸ ಬ್ರೂವರಿಗಳು ಮದ್ಯಸಾರ ತಗ್ಗಿಸಿ ಕಹಿ ಹೆಚ್ಚಿಸಿದ ಏಲ್‌ಗಳಿಂದ ಹೆಸರು ಮಾಡಿವೆ. ಬಲ ಕಡಿಮೆಯಾದರೂ ಆ ಹಳೆಯ ಒಣ ಮುಕ್ತಾಯ ಅವುಗಳಲ್ಲಿ ಹಾಗೇ ಇದೆ.

ಬೆಂಗಳೂರಿಗೆ ಬೆಲ್ಜಿಯಂ ಬಂದದ್ದು ಗೋಧಿಯ ‘ವಿಟ್’ ರೂಪದಲ್ಲಿ. 2010ರಲ್ಲಿ ಇಂದಿರಾನಗರದಲ್ಲಿ ಶುರುವಾದ ಟಾಯ್ಟ್ ತನ್ನ ವಿಟ್‌ಗೆ ‘ಟಿನ್‌ಟಿನ್’ ಎಂದು ಹೆಸರಿಟ್ಟದ್ದು ಊರಿಗೆಲ್ಲ ಗೊತ್ತು. ಡುಬ್ಬೆಲ್, ಟ್ರಿಪೆಲ್‌ಗಳಿಗೆ ಆ ಜನಪ್ರೀತಿ ಇನ್ನೂ ಸಿಕ್ಕಿಲ್ಲ. ನಮ್ಮ ಸೆಕೆ ಇದಕ್ಕೆ ದೊಡ್ಡ ಅಡ್ಡಿಯಲ್ಲ, ಆ ಯೀಸ್ಟ್‌ಗಳಿಗೆ ಬಿಸಿಯೇ ಇಷ್ಟ. ತೊಡಕಿರುವುದು ಸಮಯದಲ್ಲಿ. ಒಂದು ಡುವೆಲ್ ಹಂಡೆಯಿಂದ ಅಂಗಡಿಗೆ ಬರಲು ಸುಮಾರು 90 ದಿನ ಹಿಡಿಯುತ್ತದೆ, ಬಾಟಲಿಯೊಳಗೆ ಮತ್ತೊಮ್ಮೆ ಹುದುಗಿ ಮೇಲೇಳಬೇಕು. ವಾರಾಂತ್ಯದೊಳಗೆ ಟ್ಯಾಂಕ್ ಖಾಲಿಮಾಡಿ ಮುಂದಿನ ಬ್ಯಾಚ್ ತುಂಬಬೇಕಾದ ಬ್ರೂಪಬ್‌ನಲ್ಲಿ, ಒಂದು ಟ್ಯಾಂಕನ್ನು ಅಷ್ಟು ದಿನ ಸುಮ್ಮನೆ ಬಿಡಲು ಮಾಲೀಕನನ್ನು ಒಪ್ಪಿಸುವುದೇ ಬ್ರೂಮಾಸ್ಟರ್‌ನ ಮೊದಲ ಕೆಲಸ.