ಎಳೆದಷ್ಟೂ ಮೆದುವಾಗುವ ಆಕ್ಸಾನ್: ಬಿಗಿತವನ್ನು ಅಳೆದ ಒಂದು ಪ್ರಯೋಗ

ಮೊಣಕಾಲು ಮಡಚಿದರೆ ಕಾಲಿನ ನರಗಳೂ ಹಿಗ್ಗಿ ಕುಗ್ಗುತ್ತವೆ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಿಂದ ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲಿ ಬೈಕಿನಿಂದ ಬಿದ್ದವನ ತಲೆಗೆ ಜೋರು ಪೆಟ್ಟಾದರೆ, ಮಿದುಳಿನ ಆಕ್ಸಾನುಗಳು, ಅಂದರೆ ನರಕೋಶಗಳಿಂದ ಹೊರಡುವ ಉದ್ದನೆಯ ತಂತುಗಳು, ಕ್ಷಣಮಾತ್ರದಲ್ಲಿ ಎಳೆತಕ್ಕೆ ಸಿಕ್ಕಬಹುದು. ಮೈಕ್ರೊಮೀಟರಿನಷ್ಟು ತೆಳ್ಳಗಿದ್ದೂ ಮೀಟರ್ ಉದ್ದ ಬೆಳೆಯಬಲ್ಲ ಈ ತಂತು ಎಳೆತವನ್ನು ತಾಳುವುದು ಹೇಗೆ?

2013ರಲ್ಲಿ ಹಾರ್ವರ್ಡ್‌ನ ಶಿಯಾವೇ ಜುವಾಂಗ್ ಅವರ ತಂಡ ಆಕ್ಸಾನಿನ ಪೊರೆಯಡಿ ಕ್ರಮಬದ್ಧ ರಚನೆಯೊಂದನ್ನು ಕಂಡಿತು: ಆ್ಯಕ್ಟಿನ್ ಎಂಬ ಪ್ರೋಟೀನಿನ ಬಳೆಗಳು, ಅವುಗಳ ನಡುವೆ ಉದ್ದಕ್ಕೆ ಸ್ಪೆಕ್ಟ್ರಿನ್ ಎಂಬ ಇನ್ನೊಂದು ಪ್ರೋಟೀನಿನ ಅಣುಗಳು. ಬಳೆಯಿಂದ ಬಳೆಗೆ ಸುಮಾರು 190 ನ್ಯಾನೊಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇದು ಬಿಡಿಸಿ ಕಾಣದು. ಆದರೆ ಚಿತ್ರ ಎಷ್ಟೇ ನಿಚ್ಚಳವಾಗಿದ್ದರೂ ಬಲದ ಲೆಕ್ಕ ಕೊಡುವುದಿಲ್ಲ.

ಆ ಲೆಕ್ಕಕ್ಕೆ ಕೈಹಾಕಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರಮೋದ್ ಪುಲ್ಲರ್ಕಾಟ್ ಅವರ ಪ್ರಯೋಗಾಲಯ. ಜೊತೆಗೆ ಪುಣೆಯ ಐಸರ್‌ನ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಔರ್ನಬ್ ಘೋಷ್ ಮೊದಲಾದವರು. ವರದಿ 2020ರಲ್ಲಿ ‘ಇಲೈಫ್’ ಪತ್ರಿಕೆಯಲ್ಲಿ ಬಂತು.

ವಿಧಾನ ಸರಳ, ಕೈಚಳಕ ಮಾತ್ರ ಸರಳವಲ್ಲ. ಕೋಳಿ ಭ್ರೂಣದ ನರಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ಆಕ್ಸಾನಿನ ನಡುಭಾಗವನ್ನು ತೆಳುವಾದ ಗಾಜಿನ ಎಳೆಯಿಂದ ಪಕ್ಕಕ್ಕೆ ಹಂತಹಂತವಾಗಿ ಎಳೆಯುತ್ತಾರೆ. ಎಳೆ ಎಷ್ಟು ಬಾಗಿತೋ ಅದರಿಂದ ಬಲ ತಿಳಿಯುತ್ತದೆ. ರಬ್ಬರನ್ನು ಬಹಳ ಎಳೆದರೆ ಕೊನೆಗೆ ಗಡುಸಾಗುತ್ತದೆ. ಆಕ್ಸಾನ್ ಹಾಗಲ್ಲ, ಎಳೆತ ಹೆಚ್ಚಿದಂತೆ ಅದರ ಗಡಸು ಇಳಿಯಿತು. ಪ್ರತಿ ಹಂತದಲ್ಲೂ ಬಿಗಿತ ಮೊದಲು ಏರಿ, ಆಮೇಲೆ ನಿಧಾನವಾಗಿ ಸಡಿಲಿತು. ಸ್ಪೆಕ್ಟ್ರಿನ್ ಪ್ರಮಾಣ ತಗ್ಗಿಸಿದಾಗ ಗಡಸು ಎದ್ದುಕಾಣುವಷ್ಟು ಕುಸಿಯಿತು. ಆಕ್ಸಾನಿನೊಳಗೆ ಉದ್ದಕ್ಕೆ ಹಾಯುವ ಸೂಕ್ಷ್ಮನಾಳಿಕೆಗಳ (ಮೈಕ್ರೊಟ್ಯೂಬ್ಯೂಲ್) ಪಾಲೂ ಇದೆ, ಆದರೆ ಅವುಗಳಿಂದಲೇ ಎಲ್ಲವನ್ನೂ ವಿವರಿಸಲಾಗದು.

ಸಂಶೋಧಕರ ವಿವರಣೆ ಹೀಗೆ: ಸ್ಪೆಕ್ಟ್ರಿನ್ ಅಣುವಿನಲ್ಲಿ ಮಡಿಕೆಗಳ ಸರಣಿಯಿದೆ. ಬಲ ಬಿದ್ದಾಗ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡು ಉದ್ದ ಬಿಟ್ಟುಕೊಡುತ್ತವೆ, ಹೀಗಾಗಿ ಬಿಗಿತ ಮಿತಿ ಮೀರುವುದಿಲ್ಲ. ಬಲ ಇಳಿದಾಗ ಮತ್ತೆ ಮಡಚಿಕೊಳ್ಳುತ್ತವೆ. ಬೀಟಾ-ಸ್ಪೆಕ್ಟ್ರಿನ್ ಇಲ್ಲದ ಸೀನೊರಾಬ್ಡೈಟಿಸ್ ಎಲಿಗನ್ಸ್ ಹುಳುಗಳಲ್ಲಿ ಬರೀ ಮೈಯ ಚಲನೆಗೇ ಆಕ್ಸಾನುಗಳು ತುಂಡಾಗುತ್ತವೆಂಬ ಹಿಂದಿನ ಶೋಧ ಇದಕ್ಕೆ ಹೊಂದುತ್ತದೆ.

ಆದರೂ ಮಡಿಕೆ ಬಿಚ್ಚುವುದನ್ನು ಇಲ್ಲಿ ಯಾರೂ ನೇರವಾಗಿ ನೋಡಿಲ್ಲ. ಬಲದ ಅಳತೆ ಮತ್ತು ಗಣಿತದ ಮಾದರಿಯಿಂದ ಊಹಿಸಿದ್ದು. ನನ್ನ ಮಟ್ಟಿಗೆ ಊಹೆ ಗಟ್ಟಿಯಾಗಿದೆ. ಆದರೆ ಗಾಜಿನ ಮೇಲಿನ ಬರಿಯ ಆಕ್ಸಾನಿಗೆ ದೇಹದೊಳಗಿನ ಮಯಲಿನ್ ಕವಚವಾಗಲಿ ಸುತ್ತಲಿನ ಅಂಗಾಂಶವಾಗಲಿ ಇಲ್ಲ. ಹೀಗಾಗಿ ಈ ಪ್ರಯೋಗದ ಅಳತೆಗಳನ್ನು ತಲೆಪೆಟ್ಟಿನ ಚಿಕಿತ್ಸೆಗೆ ನೇರವಾಗಿ ಅನ್ವಯಿಸಬಾರದು.