ಕಾತ್ರಜದ ಜಲಮಾರ್ಗವೂ ಟ್ರ್ಯಾಂಟರಿನ ಪತನವೂ

ಬೆಳಗಾವಿ, ಕೊಲ್ಹಾಪುರ, ಸಾತಾರಾಗಳನ್ನು ದಾಟಿ ಹಳೆಯ ರಸ್ತೆಯಲ್ಲಿ ಪುಣೆಗೆ ಬರುವ ಕನ್ನಡಿಗನಿಗೆ ಆ ನಗರದ ಪ್ರಥಮ ದರ್ಶನವಾಗುತ್ತಿದ್ದುದು ಕಾತ್ರಜದ ಘಾಟಿನಿಂದ. ಆದರೆ ಘಾಟನ್ನಿಳಿದು ಪೇಟೆ ಸೇರುವ ತ್ವರೆಯಲ್ಲಿ, ಬೆಟ್ಟದ ಬುಡದ ಕೆರೆಯನ್ನೂ, ಅಲ್ಲಿಂದ ಹೊರಟು ನೆಲದೊಳಗೆ ಅದೃಶ್ಯವಾಗಿ ಸಾಗುವ ಜಲಮಾರ್ಗವನ್ನೂ ಗಮನಿಸುವವರು ವಿರಳ.

1740ರಿಂದ 1761ರವರೆಗೆ ಪೇಶ್ವೆಯಾಗಿದ್ದ ನಾನಾಸಾಹೇಬನು, ಬೆಳೆಯುತ್ತಿದ್ದ ರಾಜಧಾನಿಯ ದಾಹವನ್ನು ತಣಿಸಲೆಂದು, 1750ರ ಆಸುಪಾಸಿನಲ್ಲಿ ಇಲ್ಲಿ ಹಳ್ಳಕ್ಕೆ ಕಟ್ಟೆ ಹಾಕಿಸಿ, ಕಲ್ಲುಗಾರೆಯ ಭೂಗತ ನಾಲೆಯೊಂದನ್ನು ತನ್ನ ಅರಮನೆಯಾದ ಶನಿವಾರವಾಡೆಯವರೆಗೆ ಒಯ್ಯಿಸಿದನು. ಮನುಷ್ಯನೊಬ್ಬನು ಒಳಗೆ ನಡೆದಾಡಬಹುದಾದಷ್ಟು ಎತ್ತರದ ಆ ನಾಲೆಯಲ್ಲಿ ನೀರನ್ನು ಎತ್ತುವ ಯಂತ್ರವಿಲ್ಲ, ಎಳೆಯುವ ಎತ್ತಿಲ್ಲ; ಇಳಿಜಾರೊಂದೇ ಅದರ ಬಲ. ದಾರಿಯುದ್ದಕ್ಕೂ ಅಲ್ಲಲ್ಲಿ ನೆಲದಿಂದ ಮೇಲಕ್ಕೆದ್ದ ಕಲ್ಲಿನ ಕೂಪಗಳುಂಟು. ಅವನ್ನು ಮರಾಠಿಗರು ಉಚ್ಛ್ವಾಸಗಳೆನ್ನುವರು. ಗಾಳಿಯಾಡಲು, ಹೂಳು ತೆಗೆಯಲು ಇಳಿಯುವವನಿಗೆ ದಾರಿಯಾಗಲು ಅವು ಬೇಕು. ವಿಜಾಪುರದ ಆದಿಲಶಾಹಿಗಳು ತೊರವಿಯಿಂದ ನೀರು ತಂದ ಬಗೆಯನ್ನೂ ಬೀದರದ ನೌಬಾದಿನ ಕಾರೇಜನ್ನೂ ಬಲ್ಲ ನಮ್ಮವರಿಗೆ ಈ ವಿದ್ಯೆ ಅಪರಿಚಿತವೇನಲ್ಲ.

ನನ್ನನ್ನು ಚಿಂತೆಗೆ ಹಚ್ಚುವುದು ಇದರ ಮುಂದಿನ ಕಥೆ. 1761ರಲ್ಲಿ ಪಾಣಿಪತದ ಸೋಲು, ಅದೇ ವರ್ಷ ನಾನಾಸಾಹೇಬನ ಮರಣ, 1818ರಲ್ಲಿ ಪೇಶ್ವಾಯಿಯ ಅಂತ್ಯ, 1828ರ ಬೆಂಕಿಯಲ್ಲಿ ಶನಿವಾರವಾಡೆಯ ಮಹಲುಗಳು ಭಸ್ಮ. ಇಷ್ಟಾದರೂ ಕಾತ್ರಜದ ನೀರು ಪೇಟೆಯ ಹೌದಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ಬರುತ್ತಲೇ ಇದ್ದಿತು. ರಾಜ್ಯವಳಿದ ಮೇಲೂ ಕಾರ್ಯವುಳಿಯಿತು.

ಇದಕ್ಕೆ ನೇರ ವಿರುದ್ಧವಾದ ಚರಿತ್ರೆಯೊಂದನ್ನು ಕಲ್ಪಿಸಿದ ಬೃಹತ್ಕೃತಿಯನ್ನು ವಿಜ್ಞಾನಕಥೆಯ ಪ್ರಿಯರಿಗೆ ಶಿಫಾರಸು ಮಾಡುವುದೇ ಈ ಲೇಖನದ ಉದ್ದೇಶ. 1941ರಲ್ಲಿ ವಿಲ್ಸನ್ ಟಕರ್ ಎಂಬಾತನು, ನಕ್ಷತ್ರನೌಕೆಗಳ ಸವೆದ ಕಥೆಗಳನ್ನು ಹಳಿಯಲೆಂದು ‘ಸ್ಪೇಸ್ ಆಪೆರಾ’ ಎಂಬ ಹೆಸರನ್ನು ಟಂಕಿಸಿದನು. ವಿನೋದವೆಂದರೆ, ಅದೇ ವರ್ಷದ ಆಗಸ್ಟ್ 1ರಂದು, ಇಪ್ಪತ್ತೊಂದು ವರ್ಷದ ಐಸಾಕ್ ಅಸಿಮೋವ್ ನ್ಯೂಯಾರ್ಕಿನ ಸುರಂಗರೈಲಿನಲ್ಲಿ ವಿಜ್ಞಾನಕಥೆಗಳ ಪತ್ರಿಕೆಯೊಂದರ ಸಂಪಾದಕ ಕ್ಯಾಂಪ್‌ಬೆಲ್ಲನನ್ನು ಕಾಣಲು ಹೋಗುತ್ತಿರುವಾಗ, ಗಿಬ್ಬನ್ನನು ಬರೆದ ರೋಮನ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ನಕ್ಷತ್ರಗಳ ನಡುವೆ ಮರಳಿ ನಡೆಸುವ ಯೋಚನೆಯನ್ನು ಮಾಡಿದನು. ಆ ಪತ್ರಿಕೆಯಲ್ಲಿ 1942ರಿಂದ ಬಿಡಿಬಿಡಿಯಾಗಿ ಬಂದ ಕಥೆಗಳೇ 1951ರಿಂದ 1953ರ ಅವಧಿಯಲ್ಲಿ ‘ಫೌಂಡೇಷನ್’ ಎಂಬ ಸಂಪುಟತ್ರಯವಾದುವು. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಮಾಲಿಕೆಯೆಂದು ಹ್ಯೂಗೋ ಪ್ರಶಸ್ತಿ ದೊರೆತಾಗ ಅದು ಹಿಂದಿಕ್ಕಿದ್ದು ಟೋಲ್ಕೀನನ ಕೃತಿಯನ್ನು!

ನಾಲ್ಕು ಸಾವಿರ ಕೋಟಿ ಜನರಿರುವ ಟ್ರ್ಯಾಂಟರ್ ಎಂಬ ರಾಜಧಾನೀಗ್ರಹ, ಹನ್ನೆರಡು ಸಾವಿರ ವರ್ಷ ಬಾಳಿದ ಸಾಮ್ರಾಜ್ಯ, ಅದರ ಪತನವನ್ನು ಗಣಿತದಿಂದ ಮುಂಗಂಡು, ಬರಲಿರುವ ಮೂವತ್ತು ಸಾವಿರ ವರ್ಷಗಳ ಅಂಧಯುಗವನ್ನು ಒಂದು ಸಾವಿರಕ್ಕೆ ಇಳಿಸಲೆಳಸುವ ಹ್ಯಾರಿ ಸೆಲ್ಡನ್: ಇದು ಕಥೆಯ ಚೌಕಟ್ಟು. ಆದರೆ ನಾನು ಮೆಚ್ಚಿದ ಭಾಗವು ಇಷ್ಟು ವಿಶಾಲವಾದುದಲ್ಲ. ಲಾರ್ಡ್ ಡೋರ್ವಿನ್ ಎಂಬ ರಾಜಪ್ರತಿನಿಧಿಯೊಬ್ಬನಿದ್ದಾನೆ. ಪುರಾತತ್ತ್ವದಲ್ಲಿ ಆಸಕ್ತನಾದ ಆತನು, ಮಾನವಕುಲದ ಮೂಲಸ್ಥಾನವನ್ನು ಕಾಣಲು ಯಾವ ಗ್ರಹಕ್ಕೂ ಹೋಗದೆ, ಹಳೆಯ ಪಂಡಿತರ ಮತಗಳನ್ನು ತೂಗಿ ನೋಡುವುದನ್ನೇ ಸಂಶೋಧನೆಯೆಂದು ಬಗೆದಿದ್ದಾನೆ. ದೂರದ ಗ್ರಹವೊಂದರಲ್ಲಿ ಪರಮಾಣು ಸ್ಥಾವರವು ಸಿಡಿದ ವಾರ್ತೆ ಬಂದಾಗ, ಹೊಸ ಕುಶಲಿಗಳನ್ನು ತರಬೇತಿಗೊಳಿಸುವ ಬದಲು, ಪರಮಾಣು ಶಕ್ತಿಯ ಬಳಕೆಯನ್ನೇ ಮಿತಿಗೊಳಿಸುವ ಆಲೋಚನೆ ಅಲ್ಲಿ ನಡೆಯುತ್ತದೆ. ಅರಮನೆ ನಿಂತಿದೆ, ಒಲೆ ಹಚ್ಚುವವರು ಇಲ್ಲ. ಉಚ್ಛ್ವಾಸದೊಳಗೆ ಇಳಿದು ಹೂಳೆತ್ತುವವನು ಪೇಶ್ವೆಗಿಂತ ದೀರ್ಘಕಾಲ ಬಾಳಿದ ಊರಿನಲ್ಲಿ ಕುಳಿತು ಇದನ್ನೋದಿದವನಿಗೆ, ಸಾಮ್ರಾಜ್ಯವು ಮೊದಲು ಸಾಯುವುದು ಯುದ್ಧಭೂಮಿಯಲ್ಲಲ್ಲ, ದುರಸ್ತಿಯ ಕೆಲಸದಲ್ಲಿ ಎಂಬ ಅಸಿಮೋವನ ಒಳನೋಟ ಉತ್ಪ್ರೇಕ್ಷೆಯೆನಿಸದು.

ಪುಣೆಗೆ ವಿಜ್ಞಾನಕಥಾಸಾಹಿತ್ಯ ಹೊಸತಲ್ಲ. 1974ರಲ್ಲಿ ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ನಾಮದಿಂದ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕೃಷ್ಣವಿವರದ ಕಥೆ ಬರೆದು ಪ್ರಥಮ ಬಹುಮಾನ ಪಡೆದವರು ಜಯಂತ ನಾರಳೀಕರರು. ಮುಂದೆ ಇದೇ ನಗರದಲ್ಲಿ ಖಗೋಳವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದರು.

‘ಫೌಂಡೇಷನ್’ನಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲ ಸಂಪುಟದಲ್ಲಿ ಸ್ತ್ರೀಯರು ಇಲ್ಲವೆನ್ನುವಷ್ಟು ಕಡಿಮೆ. ಪಾತ್ರಗಳು ಹೋರಾಡುವುದಕ್ಕಿಂತ ಹೆಚ್ಚಾಗಿ ಕೋಣೆಯೊಳಗೆ ಕುಳಿತು ವಾದಿಸುತ್ತವೆ. ನೌಕಾಸಮರವನ್ನರಸಿ ಬರುವವರು ನಿರಾಶರಾದಾರು. ಆದರೆ ಎರಡನೆಯ ಸಂಪುಟದಲ್ಲಿ, ಸೆಲ್ಡನ್ನನ ಗಣಿತಕ್ಕೆ ಸಿಲುಕದ ‘ಮ್ಯೂಲ್’ ಎಂಬ ಒಬ್ಬ ವ್ಯಕ್ತಿ ಎಲ್ಲವನ್ನೂ ಬುಡಮೇಲು ಮಾಡುವಾಗ ಈ ತಾಳ್ಮೆಗೆ ಪೂರ್ಣ ಪ್ರತಿಫಲವುಂಟು. ಓದುಗರು 1951ರ ಸಂಪುಟದಿಂದಲೇ ಆರಂಭಿಸಬೇಕು, ಕಥಾಕಾಲವನ್ನನುಸರಿಸಿ 1988ರ ಪೂರ್ವಕಥೆಯಿಂದಲ್ಲ. ಮೂರನೆಯದು ಮುಗಿದ ಮೇಲೆ, 1982ರಿಂದ ಬಂದ ಉತ್ತರಭಾಗಗಳನ್ನು ಓದದಿದ್ದರೂ ನಷ್ಟವಿಲ್ಲ.