ಹಳೆಯ ಕಾರಿನ ಎಸಿ: ಉಳಿಸುವುದೋ, ಕಳಚುವುದೋ?

ಕಾರಿನ ಎಸಿಯನ್ನು ಇಟ್ಟುಕೊಳ್ಳಬೇಕೋ ಕಳಚಬೇಕೋ ಎಂಬ ಪ್ರಶ್ನೆ ಎಸಿ ಕಾರುಗಳಷ್ಟೇ ಹಳೆಯದು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎಸಿ ಒದಗಿಸಿದಾಗ ಅದರ ಬೆಲೆ 274 ಡಾಲರ್. ಗಾಳಿಯನ್ನು ತಂಪಾಗಿಸುವ ಭಾಗ ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯ ಜಾಗ ನುಂಗಿಕೊಂಡು ಕೂತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತಿತ್ತು. ಚಳಿಗಾಲದಲ್ಲಿ ಬೇಡವೆನಿಸಿದರೆ ಬಾನೆಟ್ ಎತ್ತಿ ಬೆಲ್ಟನ್ನೇ ಬಿಚ್ಚಬೇಕಿತ್ತು. ಕೆಲವೇ ವರ್ಷಗಳಲ್ಲಿ ಪ್ಯಾಕಾರ್ಡ್ ಈ ಪ್ರಯೋಗವನ್ನು ಕೈಬಿಟ್ಟಿತು.

ಆದರೆ ಆ ಪೈಪುಗಳೊಳಗೆ ಹರಿಯುತ್ತಿದ್ದ ಬಗೆಯ ಅನಿಲ ಉಳಿಯಿತು. ಅದಕ್ಕೂ ಮೊದಲು ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಾನಿಲಗಳಿದ್ದವು. ಸೋರಿದರೆ ಜೀವಕ್ಕೇ ಅಪಾಯ. ಥಾಮಸ್ ಮಿಜ್ಲಿ ಮತ್ತು ಅವನ ಸಂಗಡಿಗರು 1928ರಲ್ಲಿ ವಿಷವೂ ಅಲ್ಲದ, ಬೆಂಕಿಯೂ ಹತ್ತದ ಫ್ರಿಯಾನ್ ಅನ್ನು ಸಿದ್ಧಪಡಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಜ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದ. ಮನುಷ್ಯನ ಮಟ್ಟಿಗೆ ಅದು ನಿಜಕ್ಕೂ ಸುರಕ್ಷಿತವಾಗಿತ್ತು. ಮುಂದೆ ದಶಕಗಳ ಕಾಲ ಕಾರುಗಳಲ್ಲಿ ಇದ್ದದ್ದು ಇದೇ ಬಳಗದ ಆರ್-12.

ಮನೆಯ ಫ್ರಿಜ್ಜಿನಲ್ಲಿ ಮೋಟಾರು, ಕಂಪ್ರೆಸರ್ ಎರಡೂ ಒಂದೇ ಡಬ್ಬಿಯೊಳಗೆ ಬೆಸುಗೆಯಾಗಿರುತ್ತವೆ. ಕಾರಿನಲ್ಲಿ ಹಾಗಲ್ಲ. ಎಂಜಿನ್‌ನ ಬೆಲ್ಟಿನಿಂದ ತಿರುಗಬೇಕಾದ್ದರಿಂದ ಕಂಪ್ರೆಸರಿನ ದಂಡ ಹೊರಗೆ ಚಾಚಿಕೊಂಡಿರುತ್ತದೆ. ಅಲ್ಲೊಂದು ಸೀಲ್, ಮುಂದೆ ರಬ್ಬರ್ ಹೋಸುಗಳು, ಜೊತೆಗೆ ರಸ್ತೆಯ ಕುಲುಕಾಟ. ಹೀಗಾಗಿ ಸೋರುವುದು ಅದರ ಹುಟ್ಟುಗುಣ. ಗ್ಯಾಸ್ ಅಗ್ಗವಾಗಿತ್ತು; ತೂತು ಹುಡುಕುವ ಬದಲು ಮತ್ತೆ ಮತ್ತೆ ತುಂಬಿಸುವುದೇ ರೂಢಿಯಾಯಿತು. ಸೋರಿದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಕೇಳಿದವರು ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲಂಡ್. ಈ ಅನಿಲಗಳು ಮೇಲೇರಿ, ಅವುಗಳಿಂದ ಬಿಡುಗಡೆಯಾಗುವ ಕ್ಲೋರಿನ್ ಓಝೋನನ್ನು ನಾಶಮಾಡುತ್ತದೆ ಎಂದು ಅವರು 1974ರಲ್ಲಿ ಬರೆದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದು ವರದಿಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. 1995 ಮುಗಿಯುವುದರೊಳಗೆ ಅಮೆರಿಕದಲ್ಲಿ ಆರ್-12ರ ತಯಾರಿಕೆ ಬಹುತೇಕ ನಿಂತಿತು.

ಆಗ ಹಳೆಯ ಕಾರಿನ ಒಡೆಯನ ಮುಂದೆ ಮೂರು ದಾರಿಗಳು ಉಳಿದವು. ಮೊದಲನೆಯದು, ದುಬಾರಿಯಾಗುತ್ತಿದ್ದ ಹಳೆಯ ದಾಸ್ತಾನನ್ನೇ ಕೊಳ್ಳುವುದು. ಈ ಬೇಡಿಕೆ ಕಳ್ಳಸಾಗಣೆಯನ್ನೂ ಹುಟ್ಟುಹಾಕಿತು. ಎರಡನೆಯದು, ಆರ್-134ಎಗೆ ಬದಲಾಗುವುದು. ಹಳೆಯ ಖನಿಜ ಎಣ್ಣೆ ಈ ಹೊಸ ಅನಿಲದೊಂದಿಗೆ ಬೆರೆಯದು. ಎಣ್ಣೆ ಬದಲಿಸಬೇಕು, ಎಷ್ಟೋ ಕಾರುಗಳಲ್ಲಿ ಸೀಲುಗಳನ್ನೂ. ಇಷ್ಟಾದರೂ ತಂಪು ಮೊದಲಿನಷ್ಟು ಇರುತ್ತದೆಂಬ ಖಾತರಿಯಿಲ್ಲ. ಮೂರನೆಯದು, ಎಲ್ಲವನ್ನೂ ಕಿತ್ತು ಎಂಜಿನ್ನಿನ ಹೊರೆ ಇಳಿಸಿ, ಕಿಟಕಿಯ ಗಾಳಿಗೆ ಮರಳುವುದು.

ಕೀಳುವುದೇ ಪರಿಸರಕ್ಕೆ ಒಳ್ಳೆಯದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಪೈಪ್ ಬಿಚ್ಚಿದ ಕ್ಷಣವೇ ಒಳಗಿದ್ದದ್ದೆಲ್ಲ ಗಾಳಿಪಾಲು. ಆರ್-12 ಒಮ್ಮೆ ಹೊರಬಿದ್ದರೆ ವಾತಾವರಣದಲ್ಲಿ ಸುಮಾರು ನೂರು ವರ್ಷ ಇರುತ್ತದೆ. ಅದಕ್ಕೇ ಅಮೆರಿಕದ ಕಾನೂನು ಅನಿಲವನ್ನು ಹೊರಬಿಡುವುದನ್ನು ನಿಷೇಧಿಸಿ, ಯಂತ್ರದಿಂದ ಹೀರಿ ಸಂಗ್ರಹಿಸುವುದನ್ನು ಕಡ್ಡಾಯ ಮಾಡಿತು.

ಬದಲಿಗೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಹಾನಿಯಿಲ್ಲ. ಆದರೆ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. 2016ರ ಕಿಗಾಲಿ ತಿದ್ದುಪಡಿ ಅದರ ಬಳಗವನ್ನೂ ಕಡಿಮೆ ಮಾಡಲು ಹೊರಟಿತು. ಭಾರತವೂ ಈ ತಿದ್ದುಪಡಿಯನ್ನು ಒಪ್ಪಿದೆ.

ಹಾಗಾಗಿ ರಿಪೇರಿಯೋ ಕಳಚುವುದೋ ಎಂಬುದನ್ನು ಒಡೆಯನ ಜೇಬು, ಊರಿನ ಸೆಕೆ, ಕಾರಿನ ಮೇಲಿನ ಮೋಹ ಇವೇ ತೀರ್ಮಾನಿಸಲಿ. ಗ್ಯಾಸನ್ನು ಹೀರಿ ತೆಗೆದು, ಸೋರುವ ಜಾಗ ಹುಡುಕಿ ಮುಚ್ಚಿದರೆ ರಿಪೇರಿ ಸರಿ. ಹೀರಿ ತೆಗೆದ ಮೇಲೆ ಕಳಚಿದರೆ ಅದೂ ಸರಿ. ಈ ಇತಿಹಾಸ ಬೇಡವೆನ್ನುವುದು ಇವೆರಡರ ನಡುವಿನ ಸುಲಭದ ದಾರಿಯನ್ನು: ಪ್ರತಿ ಬೇಸಿಗೆಯಲ್ಲೂ ಗ್ಯಾರೇಜಿಗೆ ಹೋಗಿ, ತೂತನ್ನು ಹಾಗೇ ಬಿಟ್ಟು, 'ಗ್ಯಾಸ್ ತುಂಬಿಸಿಕೊಡಿ' ಎನ್ನುವುದನ್ನು.